ಪೈಪಿಗಿಂತ ಉದ್ದದ ರಾತ್ರಿ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ, ಮಲದಲ್ಲಿ ರಕ್ತ ಕಂಡರೆ ಏನು ಮಾಡಬೇಕು ಅಂತ ಬರೆದಿದ್ದೆ. ಕೊನೆಯಲ್ಲಿ ‘ಡಾಕ್ಟರು ಹೇಳಿದರೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿ’ ಎಂಬ ಒಂದು ಸಾಲಿತ್ತು. ತುದಿಯಲ್ಲಿ ಕ್ಯಾಮೆರಾ ಇರುವ ನಳಿಗೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ ಅದು. ಆಮೇಲೆ ಬಂದ ಪತ್ರಗಳಲ್ಲಿ ರಕ್ತದ ಮಾತೆತ್ತಿದವರು ಕಡಿಮೆ, ಆ ಒಂದು ಸಾಲನ್ನು ಹಿಡಿದು ಕೂತವರೇ ಹೆಚ್ಚು. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ. ಊರು ಮಾತ್ರ ಉಳಿಸಿಕೊಂಡಿದ್ದೇನೆ.

ಡಾಕ್ಟರೇ, ನನಗೆ 52 ವರ್ಷ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆರು ತಿಂಗಳಿಂದ ಒಂದು ವಾರ ಮಲಬದ್ಧತೆ, ಇನ್ನೊಂದು ವಾರ ಭೇದಿ. ಕೊಲೊನೋಸ್ಕೋಪಿಗೆ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಅವತ್ತಿನಿಂದ ನಿದ್ದೆ ಇಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿದ ಮೇಲೆ ಇನ್ನೂ ಕೆಟ್ಟಿತು. ಎರಡು ಹೆರಿಗೆ ಆದವಳು, ನೋವಿಗೆ ಹೆದರುವವಳಲ್ಲ. ಆದರೂ ಯಾಕೆ ಹೀಗೆ?
— ತುಮಕೂರು

ನೋವಿಗೆ ಹೆದರುವವಳಲ್ಲ ಅಂದಿರಿ ಮೇಡಂ. ಹಾಗಾದರೆ ಯಾವುದಕ್ಕೆ ಹೆದರಿದ್ದೀರಿ? ಒಂದು ಹಾಳೆ ತೆಗೆದುಕೊಂಡು ಬರೆದುಬಿಡಿ. ಗಣಿತದ ಟೀಚರಿಗೆ ಲೆಕ್ಕ ಬಿಡಿಸಿ ಬರೆಯುವುದು ಹೊಸದೇನಲ್ಲ. ‘ಭಯ’ ಅಂತ ಒಂದೇ ಪದ ಬರೆದರೆ ಅದಕ್ಕೆ ಔಷಧವಿಲ್ಲ. ‘ಗಂಡಸು ಡಾಕ್ಟರ ಎದುರು ಸೀರೆ ಬಿಚ್ಚಬೇಕಲ್ಲ’ ಅಂತ ಬರೆದರೆ ಇದೆ.

ನನ್ನದೇ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷ ಬೇರೆಯವರಿಗೆ ಈ ಪರೀಕ್ಷೆ ಮಾಡಿ, ನನ್ನ ಸರದಿ ಬಂದಾಗ ಮೂರು ವರ್ಷ ಮುಂದೂಡಿದೆ. ಕೇಸು ಜಾಸ್ತಿ, ಮಗಳ ಪರೀಕ್ಷೆ, ಮಳೆಗಾಲ, ಏನಾದರೊಂದು ನೆಪ. ನಿಜವಾದ ಕಾರಣ ಒಂದೇ ಆಗಿತ್ತು. ದಿನಾ ನನಗೆ ‘ಗುಡ್ ಮಾರ್ನಿಂಗ್ ಸರ್’ ಹೇಳುವ ಸಿಸ್ಟರ್ ಎದುರು ಹಿಂದೆ ಸೀಳಿದ ಗೌನು ಹಾಕಿಕೊಂಡು ಎಡಮಗ್ಗುಲಿಗೆ ಮಲಗಬೇಕಲ್ಲ ಅನ್ನುವುದು. ಕೊನೆಗೆ ಬೇರೆ ಊರಿಗೆ ಹೋಗಿ ಮಾಡಿಸಿಕೊಂಡೆ. ಅಲ್ಲಿ ನಾನು ಬರೀ ಒಬ್ಬ ಪೇಷೆಂಟು. ನಾಚಿಕೆಗೆ ನಾನು ಕಂಡುಕೊಂಡ ಔಷಧ ಅದು. ನಿಮ್ಮದು ಬೇರೆ ಇರಬಹುದು. ಲೇಡಿ ಡಾಕ್ಟರು ಬೇಕು ಅಂತ ಕೇಳುವುದರಲ್ಲಿ ತಪ್ಪೇನಿಲ್ಲ, ಈಗ ಜಿಲ್ಲಾ ಕೇಂದ್ರಗಳಲ್ಲೂ ಕೆಲವು ಕಡೆ ಸಿಗುತ್ತಾರೆ. ಸಿಗದಿದ್ದರೆ ಒಬ್ಬ ಹೆಂಗಸು ಸಿಸ್ಟರ್ ಕೊನೆಯವರೆಗೂ ಪಕ್ಕದಲ್ಲಿರಲಿ ಅನ್ನಿ. ಯಾರೂ ಇಲ್ಲ ಅನ್ನುವುದಿಲ್ಲ.

ವಿಡಿಯೊ ನೋಡುವುದನ್ನು ಇವತ್ತೇ ನಿಲ್ಲಿಸಿ. ಅದರಲ್ಲಿ ಕಾಣದ್ದನ್ನು ನಾನು ಹೇಳುತ್ತೇನೆ. ಕೋಣೆ ತಣ್ಣಗಿರುತ್ತದೆ, ಬೆಳಕು ಕಡಿಮೆ. ಎಡಮಗ್ಗುಲಿಗೆ ಮಲಗಿಸಿ ಮಂಡಿಗಳನ್ನು ಎದೆಯ ಕಡೆ ಮಡಚಿಸುತ್ತಾರೆ. ಸೊಂಟದ ಮೇಲೆ ಬಟ್ಟೆ ಹೊದಿಸಿರುತ್ತದೆ. ಬೆರಳಿಗೆ ಕ್ಲಿಪ್ಪು, ಕೈಗೆ ಡ್ರಿಪ್ಪಿನ ಸೂಜಿ. ಅವತ್ತಿನ ಒಂದೇ ಚುಚ್ಚು ಅದು. ಒಳಗೆ ಹೋಗುವ ನಳಿಗೆ ನಿಮ್ಮ ಕಿರುಬೆರಳಿನಷ್ಟು ದಪ್ಪ, ಬಳುಕುತ್ತದೆ. ಮುಖ್ಯವಾದ ಮಾತು, ಡಾಕ್ಟರು ನಿಮ್ಮನ್ನು ನೋಡುತ್ತಿರುವುದಿಲ್ಲ. ಟಿ.ವಿ.ಯಂಥ ಪರದೆಯನ್ನು ನೋಡುತ್ತಿರುತ್ತಾರೆ. ಆರೋಗ್ಯವಂತ ಕರುಳು ಒಳಗಿನಿಂದ ಬಹಳ ಚೆಂದ. ಒದ್ದೆ ಗುಲಾಬಿ ಬಣ್ಣ, ಮೇಲೆ ಎಲೆಯ ನರಗಳ ಹಾಗೆ ಕವಲೊಡೆದ ಸಣ್ಣ ರಕ್ತನಾಳಗಳು. ಅಡ್ಡ ಕರುಳಿಗೆ ಬಂದರೆ ದಾರಿ ತ್ರಿಕೋನವಾಗುತ್ತದೆ. ನಿಮ್ಮ ಸಬ್ಜೆಕ್ಟು. ಅದರಾಚೆಯ ತಿರುವಿನಲ್ಲಿ ಯಕೃತ್ತು ಕರುಳಿನ ಗೋಡೆಯ ಹಿಂದಿನಿಂದ ನೀಲಿ ಛಾಯೆಯಾಗಿ ಕಾಣುತ್ತದೆ. ಎಷ್ಟು ಸಾವಿರ ಸಲ ನೋಡಿದರೂ ಅಲ್ಲಿ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಇನ್ನು ನೋವಿನ ಲೆಕ್ಕ. ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಕೆನಡಾದ ವೈದ್ಯ ಡೊನಾಲ್ಡ್ ರೆಡೆಲ್ಮೈಯರ್ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೊಲೊನೋಸ್ಕೋಪಿ ನಡೆಯುತ್ತಿರುವಾಗಲೇ ನಿಮಿಷ ನಿಮಿಷಕ್ಕೂ ನೋವು ಎಷ್ಟು ಅಂತ ರೋಗಿಗಳನ್ನೇ ಕೇಳಿ ಬರೆದುಕೊಂಡರು. ಒಬ್ಬರದು 4 ನಿಮಿಷಕ್ಕೆ ಮುಗಿದಿತ್ತು, ಇನ್ನೊಬ್ಬರದು 69 ನಿಮಿಷ ಎಳೆದಿತ್ತು. ಆಮೇಲೆ ಕೇಳಿದಾಗ, ಎಷ್ಟು ಹೊತ್ತು ನಡೆಯಿತು ಎನ್ನುವುದಕ್ಕೂ ಎಷ್ಟು ಕಷ್ಟವಾಯಿತು ಎನ್ನುವ ನೆನಪಿಗೂ ಹೆಚ್ಚು ಸಂಬಂಧ ಕಾಣಲಿಲ್ಲ. ಅತಿ ಹೆಚ್ಚು ನೋವಾದ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷ, ಇವೆರಡೇ ನೆನಪನ್ನು ಕಟ್ಟಿದ್ದವು. 2003ರಲ್ಲಿ 682 ಜನರ ಮೇಲೆ ಮಾಡಿದ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ, ಎಲ್ಲ ಮುಗಿದ ಮೇಲೂ ನಳಿಗೆಯ ತುದಿಯನ್ನು ಅಲ್ಲಾಡಿಸದೆ ಸ್ವಲ್ಪ ಹೊತ್ತು ಒಳಗೇ ಬಿಟ್ಟರು. ಪರೀಕ್ಷೆ ಉದ್ದವಾಯಿತು, ಆದರೂ ಅವರೇ ‘ಅಷ್ಟೇನೂ ಕಷ್ಟವಾಗಲಿಲ್ಲ’ ಅಂದರು, ಕೊನೆ ಹಗುರಾಗಿತ್ತಲ್ಲ. ಹಾಗಾಗಿ ಪಕ್ಕದ ಮನೆಯವರು ‘ಅಯ್ಯೋ ನರಕ’ ಅಂದರೆ, ಅದು ಅವರ ಒಂದು ಕೆಟ್ಟ ಗಳಿಗೆಯ ಮಾತು ಅಂತ ತಿಳಿಯಿರಿ. ಮತ್ತು ಅದು ಎಲ್ಲರಿಗೂ ಪ್ರಜ್ಞೆ ತಪ್ಪಿಸಿ ಮಾಡದಿದ್ದ ಕಾಲದ ಅಧ್ಯಯನ. ಮತ್ತಿನ ಇಂಜೆಕ್ಷನ್ ಚೆನ್ನಾಗಿ ಹಿಡಿದವರಿಗೆ ಆ ಗಳಿಗೆಯೂ ನೆನಪಿರುವುದಿಲ್ಲ.

ಆಸ್ಪತ್ರೆಗೆ ಹೋದಾಗ ‘ನನಗೆ ತುಂಬಾ ಭಯ’ ಅಂತ ಬಾಯಿಬಿಟ್ಟು ಹೇಳಿ. ನಗುನಗುತ್ತಾ ಬರುವವರ ಬಿ.ಪಿ. 170 ಇರುವುದನ್ನು ನೋಡಿಯೇ ನಮಗೆ ಗೊತ್ತಾಗಬೇಕು ಅಂದರೆ ಹೇಗೆ? ಆದರೆ ಹಿಂದಿನ ರಾತ್ರಿ ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತರಿಸಿಕೊಳ್ಳಬೇಡಿ, ಮರುದಿನದ ಮತ್ತಿನ ಔಷಧದ ಜೊತೆ ಅದು ಸೇರುತ್ತದೆ.

ಡಾಕ್ಟರಿಗೆ ನಮಸ್ಕಾರ. ವಯಸ್ಸು 61, ಹದಿನಾಲ್ಕು ವರ್ಷದಿಂದ ಶುಗರ್. ಪೈಪಿನ ಭಯ ನನಗಿಲ್ಲ. ನಮ್ಮ ಬೀಗರು ಹೇಳಿದ್ದು ಭೇದಿ ಔಷಧದ ಬಗ್ಗೆ. ರಾತ್ರಿಯೆಲ್ಲ ಬಚ್ಚಲಲ್ಲೇ ಕೂತಿದ್ದರಂತೆ. ಉಪವಾಸ ಇದ್ದರೆ ನನಗೆ ಶುಗರ್ ಇಳಿದು ತಲೆ ಸುತ್ತುತ್ತೆ. ಮುದ್ದೆ ತಿನ್ನದೆ ಒಂದು ದಿನ ಇದ್ದವನಲ್ಲ.
— ಮದ್ದೂರು

ಯಜಮಾನರೇ, ನೀವು ಸರಿಯಾದ ಕಡೆ ಹೆದರಿದ್ದೀರಿ. ಇಡೀ ವ್ಯವಹಾರದಲ್ಲಿ ಕಷ್ಟ ಅನ್ನುವುದಿದ್ದರೆ ಹಿಂದಿನ ರಾತ್ರಿಯೇ. ನಳಿಗೆ ಇರುವುದು ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಕೆಲಸ ಅರ್ಧ ಗಂಟೆಯದು. ರಾತ್ರಿ ಅದಕ್ಕಿಂತ ಬಹಳ ಉದ್ದ.

ಮೊದಲು ಮಾತ್ರೆಗಳ ಮಾತು, ಬೇರೆ ಯಾವುದಕ್ಕೂ ಮುಂಚೆ ಇದಾಗಬೇಕು. ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೋ ಖಾಲಿ ಸ್ಟ್ರಿಪ್ಪುಗಳನ್ನೋ ಒಂದು ಕವರಿನಲ್ಲಿ ಹಾಕಿಕೊಂಡು ಪರೀಕ್ಷೆಗೆ ಒಂದು ವಾರ ಇರುವಾಗಲೇ ಡಾಕ್ಟರಿಗೆ ತೋರಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಜಾತಿಯ ಮಾತ್ರೆ ಇದ್ದರೆ ಸಾಮಾನ್ಯವಾಗಿ ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ಎಂದಿನಷ್ಟೇ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ, ಎಷ್ಟು ಕಡಿಮೆ ಮಾಡಬೇಕು ಅಂತ ಬರೆಸಿಕೊಳ್ಳಿ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುವುದೇ ಹೆಚ್ಚು, ಅದನ್ನೂ ಕೇಳಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಬರೆದುಕೊಟ್ಟ ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿ ಅನಾಹುತ ಮಾಡಿಕೊಳ್ಳಬಾರದು. ಕಬ್ಬಿಣದ ಮಾತ್ರೆ ವಾರ ಮೊದಲೇ ಬಿಡಬೇಕು, ಅದು ಕರುಳಿಗೆ ಕರಿ ಬಳಿದಂತೆ ಅಂಟಿರುತ್ತದೆ. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ. ಸೋಡಿಯಂ ಫಾಸ್ಫೇಟಿನ ಭೇದಿ ಔಷಧ ಅಂಥವರಿಗೆ ಆಗಿಬರುವುದಿಲ್ಲ.

ಮುದ್ದೆ ಎರಡು ಮೂರು ದಿನ ಮುಂಚೆಯೇ ಬಿಡಬೇಕು. ರಾಗಿ, ಸೊಪ್ಪು, ಕಾಳು, ಬೀಜ ಇರುವ ಬದನೆ, ಟೊಮೇಟೊ, ಸೀಬೆ ಯಾವುದೂ ಬೇಡ. ಬೀಜವೊಂದು ನಳಿಗೆಯ ಬಾಯಿಗೆ ಸಿಕ್ಕಿಕೊಂಡರೆ ನಾವು ಅರ್ಧ ದಾರಿಯಲ್ಲಿ ನಿಂತು ತೊಳೆಯುತ್ತಾ ಕೂರಬೇಕಾಗುತ್ತದೆ. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ, ಸೋಸಿದ ಬೇಳೆಕಟ್ಟು ಸಾಕು. ಕೊನೆಯ ದಿನ ಎಷ್ಟು ಹೊತ್ತಿನವರೆಗೆ ಅನ್ನ ಅಂತ ನಿಮ್ಮ ಆಸ್ಪತ್ರೆ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ ಬರೀ ತಿಳಿ ನೀರು, ಅಂದರೆ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಕೆಂಪು ಬಣ್ಣದ್ದು ಬೇಡ, ದಾಳಿಂಬೆ ರಸ ನಮಗೆ ಒಳಗೆ ರಕ್ತದ ಹಾಗೆ ಕಾಣುತ್ತದೆ. ತಲೆ ಸುತ್ತಿದರೆ ಶುಗರ್ ಮಿಷನ್ನಿನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಹಾಕಿದ ಪಾನಕ ಕುಡಿಯಿರಿ. ಅವತ್ತಿನ ಮಟ್ಟಿಗೆ ಅದೇ ಔಷಧ. ಕುಡಿದೂ ಏರದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ಭೇದಿ ಔಷಧ ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ಒಂದು ಪೊಟ್ಟಣಕ್ಕೆ ಎರಡು ಲೀಟರ್ ನೀರು. ಅದು ಮೈಗೆ ಹತ್ತುವುದಿಲ್ಲ, ನೀರನ್ನು ಕರುಳಲ್ಲೇ ಹಿಡಿದುಕೊಂಡು ಎಲ್ಲವನ್ನೂ ತೊಳೆದು ಹೊರಗೆ ಬರುತ್ತದೆ, ಅಷ್ಟೇ. ರುಚಿ? ನಿಂಬೆ ಶರಬತ್ತಿಗೆ ಯಾರೋ ಸೇಡಿಗೆ ಉಪ್ಪು ಹಾಕಿದ ಹಾಗೆ. ನಾನು ಕುಡಿದ ದಿನ ಮೊದಲ ಎರಡು ಲೋಟ ವೀರನಂತೆ ಕುಡಿದೆ, ಮೂರನೆಯದಕ್ಕೆ ಹೊಟ್ಟೆ ತೊಳಸಿತು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ನಾಲಗೆಯ ಹಿಂಭಾಗಕ್ಕೆ ಎಳೆದುಕೊಂಡರೆ ರುಚಿ ಅಷ್ಟು ತಟ್ಟುವುದಿಲ್ಲ ಅನ್ನುವುದನ್ನು ಅವತ್ತು ಹೆಂಡತಿ ಹೇಳಿಕೊಟ್ಟಳು, ನನ್ನ ಪುಸ್ತಕಗಳಲ್ಲ. ಹದಿನೈದು ನಿಮಿಷಕ್ಕೆ ಒಂದು ಲೋಟ, ನಡುವೆ ಹಜಾರದಲ್ಲಿ ಓಡಾಟ. ತೊಳಸಿದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ, ಚೆಲ್ಲಬೇಡಿ. ಕೆಲವು ಆಸ್ಪತ್ರೆಯವರು ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡಿಯಲು ಹೇಳುತ್ತಾರೆ. ಹಾಗೆ ಮಾಡಿದರೆ ಕರುಳು ಹೆಚ್ಚು ಚೊಕ್ಕಟವಾಗುತ್ತದೆ, ರಾತ್ರಿ ನಡುವೆ ನಾಲ್ಕು ಗಂಟೆ ನಿದ್ದೆಯೂ ಸಿಗುತ್ತದೆ. ನಿಮ್ಮವರು ಹೇಳದಿದ್ದರೆ ಹೀಗೆ ಮಾಡಬಹುದೇ ಅಂತ ಕೇಳಿ.

ಹತ್ತು ಹನ್ನೆರಡು ಸಲ ಎದ್ದು ಹೋಗಬೇಕಾದೀತು. ಮಂಡಿ ನೋವಿದ್ದರೆ ಆ ಒಂದು ರಾತ್ರಿಗೆ ಕಮೋಡ್ ಇರುವ ಮಗನ ಮನೆಯೋ ತಮ್ಮನ ಮನೆಯೋ ನೋಡಿಕೊಳ್ಳಿ. ಉರಿ ಶುರುವಾದ ಮೇಲಲ್ಲ, ಶುರುವಾಗುವ ಮುಂಚೆಯೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಬಚ್ಚಲಿನ ದೀಪ ಹಾಕಿಯೇ ಇರಲಿ, ಚಿಲಕ ಹಾಕಬೇಡಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಕಂದು ಬಣ್ಣ ಇನ್ನೂ ಇದ್ದರೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ. ನಾಚಿಕೊಂಡು ಹಾಗೇ ಬಂದರೆ ಅರ್ಧಕ್ಕೆ ನಿಲ್ಲಿಸಿ ಮತ್ತೊಂದು ದಿನ ಬನ್ನಿ ಅನ್ನಬೇಕಾಗುತ್ತದೆ. ಅಂದರೆ ಇಡೀ ರಾತ್ರಿ ಮತ್ತೆ ಮೊದಲಿನಿಂದ.

ಬುಕ್ ಮಾಡುವಾಗ ‘ಶುಗರ್ ಇದೆ, ಬೆಳಿಗ್ಗೆ ಮೊದಲ ಕೇಸು ನನ್ನದಿರಲಿ’ ಅನ್ನಿ. ಹನ್ನೆರಡು ಗಂಟೆಯವರೆಗೆ ಹಸಿದು ಬೆಂಚಿನ ಮೇಲೆ ಕೂರುವುದು ತಪ್ಪುತ್ತದೆ.

ಸರ್, ವಯಸ್ಸು 34. ಒಂದೇ ಪ್ರಶ್ನೆ. ಮತ್ತಿನಲ್ಲಿ ಏನಾದರೂ ಬಾಯಿಬಿಟ್ಟುಬಿಟ್ಟರೆ? ಹೊರಗೆ ಹೆಂಡತಿ ಕೂತಿರುತ್ತಾಳೆ.
— ಬೆಂಗಳೂರು, ಮಾರತ್ತಹಳ್ಳಿ

ಏನು ಮುಚ್ಚಿಟ್ಟಿದ್ದೀರೋ ಕೇಳುವುದಿಲ್ಲ. ಮಿಡಜೊಲಾಮ್, ಫೆಂಟನಿಲ್, ಪ್ರೊಪೊಫಾಲ್ ಇವು ಸತ್ಯ ಕಕ್ಕಿಸುವ ಔಷಧಗಳಲ್ಲ. ಹೆಚ್ಚಿನವರು ಗೊರಕೆ ಹೊಡೆಯುತ್ತಾರೆ. ಎಚ್ಚರವಾಗುವಾಗ ಒಂದೆರಡು ಅಸಂಬದ್ಧ ಮಾತು ಬರುವುದುಂಟು. ಒಬ್ಬರು ನನ್ನ ಕೈ ಹಿಡಿದು ‘ಮೀಟರ್ ಹಾಕ್ರೀ’ ಅಂದಿದ್ದರು. ಒಳಗೆ ನಡೆದದ್ದನ್ನು ಹೊರಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ನೀವು ಹೆದರಬೇಕಾದದ್ದು ಆಮೇಲಿನ ಹೊತ್ತಿಗೆ. ಪೂರ್ತಿ ಎಚ್ಚರವಾದಂತೆ ಅನ್ನಿಸುತ್ತದೆ, ಆಗಿರುವುದಿಲ್ಲ. ಅವತ್ತು ಬೈಕ್ ಮುಟ್ಟಬೇಡಿ, ಕಾಗದಕ್ಕೆ ಸಹಿ ಹಾಕಬೇಡಿ, ಆಫೀಸಿನ ಮೇಲ್‌ಗೆ ಉತ್ತರ ಬರೆಯಬೇಡಿ. 2021ರ ನವೆಂಬರ್ 19ರಂದು ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ ಇದೇ ಪರೀಕ್ಷೆಗೆ ಮಲಗುವ ಮುನ್ನ ಅಧಿಕಾರವನ್ನು ಕಾಗದ ಬರೆದು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ಒಪ್ಪಿಸಿದ್ದರು, 85 ನಿಮಿಷದ ಮಟ್ಟಿಗೆ. ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ 2002ರಲ್ಲಿ, 2007ರಲ್ಲಿ ತಮ್ಮ ಉಪಾಧ್ಯಕ್ಷರಿಗೆ ಹಾಗೇ ಒಪ್ಪಿಸಿದ್ದರು. ನೀವು ನಿಮ್ಮ ಟೀಮನ್ನು ಒಂದು ದಿನ ಬೇರೆಯವರಿಗೆ ಒಪ್ಪಿಸಬಹುದು.

ಡಾಕ್ಟರೇ, ನಮ್ಮ ಅಪ್ಪನಿಗೆ 74. ನಾಲ್ಕು ತಿಂಗಳಿಂದ ರಕ್ತ ಹೋಗುತ್ತಿದೆ, ತೂಕವೂ ಇಳಿದಿದೆ. ‘ಮೂಲವ್ಯಾಧಿ ಐತಿ, ಅದಕ್ಯಾಕ ಪೈಪ್ ಹಾಕಿಸ್ಕೋಬೇಕು, ಒಲ್ಲೆ’ ಅಂತಾರೆ. ಯಾರೋ ಕೊಟ್ಟ ಬೇರಿನ ಪುಡಿ ತಿನ್ನುತ್ತಿದ್ದಾರೆ. ಜೋರು ಮಾಡಿದರೆ ಊಟ ಬಿಡ್ತಾರೆ. ನನಗೂ ಒಳಗೊಳಗೆ ಹೆದರಿಕೆ.
— ಹಾವೇರಿ ಜಿಲ್ಲೆ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪ ಹೆದರಿರುವುದು ಪೈಪಿಗಲ್ಲ. ಪೈಪು ಏನು ಹೇಳೀತು ಅನ್ನುವುದಕ್ಕೆ. ‘ಮೂಲವ್ಯಾಧಿ’ ಅನ್ನುವ ಪದ ಅವರಿಗೆ ಒಂದು ಕಂಬಳಿ ಇದ್ದಂತೆ, ಹೊದ್ದುಕೊಂಡಷ್ಟು ಹೊತ್ತು ಬೆಚ್ಚಗಿರುತ್ತದೆ. ಅದನ್ನು ಎಳೆದು ಕಿತ್ತುಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಾಗಂತ ಸುಮ್ಮನಿರುವ ಹೊತ್ತು ಇದಲ್ಲ. ಈ ವಯಸ್ಸಿನಲ್ಲಿ ರಕ್ತ ಹೋಗುತ್ತಾ ತೂಕ ಇಳಿದರೆ ನೋಡಲೇಬೇಕು, ತಿಂಗಳಾನುಗಟ್ಟಲೆ ಕಾಯುವಂತಿಲ್ಲ. ಮೂಲವ್ಯಾಧಿ ಇದ್ದರೂ ಅದರ ಹಿಂದೆ ಇನ್ನೊಂದು ಅಡಗಿರಬಹುದು, ಎರಡೂ ಒಟ್ಟಿಗಿದ್ದವರನ್ನು ನಾನು ಕಂಡಿದ್ದೇನೆ. ಕ್ಯಾನ್ಸರೇ ಇರಬೇಕೆಂದಿಲ್ಲ. ನಮ್ಮಲ್ಲಿ ಕರುಳಿನ ಟಿ.ಬಿ. ಇದೆ, ಹುಣ್ಣಿನ ಕಾಯಿಲೆಗಳಿವೆ, ಮಾತ್ರೆಯಲ್ಲಿ ವಾಸಿಯಾಗುತ್ತವೆ ಅಥವಾ ಹಿಡಿತಕ್ಕೆ ಬರುತ್ತವೆ. ಕ್ಯಾನ್ಸರೇ ಆಗಿದ್ದರೂ ಬೇಗ ಸಿಕ್ಕರೆ ದಾರಿ ಬೇರೆ, ತಡವಾದರೆ ದಾರಿ ಬೇರೆ. ಪಾಲಿಪ್ ಎಂಬ ಸಣ್ಣ ಗಂಟಾಗಿದ್ದರೆ ಅದೇ ನಳಿಗೆಯಿಂದ ಅಲ್ಲೇ ತೆಗೆದುಹಾಕಬಹುದು. ನ್ಯೂಯಾರ್ಕಿನಲ್ಲಿ ವೂಲ್ಫ್ ಮತ್ತು ಶಿನ್ಯ ಎಂಬ ವೈದ್ಯರು 1969ರಲ್ಲಿ ಅದನ್ನು ಮಾಡಿ ತೋರಿಸುವವರೆಗೆ ಅಂಥ ಗಂಟಿಗೂ ಹೊಟ್ಟೆ ಕೊಯ್ಯಬೇಕಿತ್ತು. ಕತ್ತರಿಸುವುದು ಅಪ್ಪನಿಗೆ ಗೊತ್ತೂ ಆಗುವುದಿಲ್ಲ. ಕರುಳಿನ ಒಳಪೊರೆಗೆ ಹಿಗ್ಗಿದರೆ ನೋವು, ಕತ್ತರಿಸಿದರೆ ಇಲ್ಲ.

ಅಪಾಯವೇ ಇಲ್ಲವೇ ಅಂತ ಕೇಳಿದರೆ ಇದೆ. ಬರೀ ನೋಡುವ ಪರೀಕ್ಷೆಯಲ್ಲಿ ಕರುಳು ತೂತಾಗುವುದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಗಂಟು ತೆಗೆದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು. ಇದನ್ನು ಅಪ್ಪನಿಂದ ಮುಚ್ಚಿಡಬೇಡಿ. ಹೊಲ ಮಾಡಿದ ಮನುಷ್ಯರಿಗೆ ನಷ್ಟದ ಲೆಕ್ಕ ಹೇಳಿದರೆ ಅರ್ಥವಾಗುತ್ತದೆ, ‘ಏನೂ ಆಗಲ್ಲ’ ಅಂದರೇ ಅನುಮಾನ ಬರುತ್ತದೆ.

ಹೇಗೆ ಒಪ್ಪಿಸುವುದು? ಮಗಳು ಹೇಳಿದರೆ ಕೇಳದವರು ಅದೇ ವಯಸ್ಸಿನ ಗೆಳೆಯ ಹೇಳಿದರೆ ಕೇಳುತ್ತಾರೆ. ಊರಲ್ಲಿ ಮಾಡಿಸಿಕೊಂಡವರು ಒಬ್ಬರಾದರೂ ಇರುತ್ತಾರೆ, ಸಂಜೆ ಕಟ್ಟೆಗೆ ಕರೆಸಿ. ಎರಡನೆಯದು, ‘ಪರೀಕ್ಷೆ ಮಾಡಿಸ್ಕೋ’ ಅನ್ನಬೇಡಿ. ‘ಮೂಲವ್ಯಾಧಿನೇ ಹೌದೋ ಅಲ್ವೋ ಡಾಕ್ಟರ್‌ಗೆ ತೋರಿಸೋಣ ಬಾ’ ಅನ್ನಿ. ಮೊದಲ ದಿನ ಬೆರಳು ಹಾಕಿ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಹಿಮೋಗ್ಲೋಬಿನ್ 8 ಅಂತ ಕಾಗದದಲ್ಲಿ ಕಂಡರೆ ಅವರೇ ಮೆತ್ತಗಾಗುತ್ತಾರೆ. ಮೂರನೆಯದು ನಿಮಗೆ. ಅಪ್ಪನ ಎದುರು ಧೈರ್ಯದ ನಾಟಕ ಆಡಬೇಡಿ. ‘ಅಪ್ಪಾ, ನನಗೂ ಹೆದರಿಕಿ ಆಗೈತಿ’ ಅಂತ ಒಂದು ಸಲ ಹೇಳಿ ನೋಡಿ. ಮಗಳ ಹೆದರಿಕೆ ಕಳೆಯಲಿಕ್ಕಾದರೂ ಎದ್ದು ಬಂದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಆ ಪುಡಿಯ ಪೊಟ್ಟಣವನ್ನೂ ಆಸ್ಪತ್ರೆಗೆ ತನ್ನಿ, ಬಯ್ಯುವುದಿಲ್ಲ.

ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ಅಂಚೆಯಲ್ಲಿ ಬಂದ ಕಿಟ್‌ನಲ್ಲಿ ಮಲದ ಮಾದರಿ ಕಳಿಸಿದ್ದೆ, ಈಗ ಕೊಲೊನೋಸ್ಕೋಪಿಗೆ ಕರೆದಿದ್ದಾರೆ. ಅಂದರೆ ಕ್ಯಾನ್ಸರ್ ಅಂತಲೇ? ಅಂದು ಕರೆದುಕೊಂಡು ಹೋಗಲು ಯಾರೂ ಇಲ್ಲ.
— ರೆಡಿಂಗ್

ಅಲ್ಲ. ಆ ಕಿಟ್ ಕಣ್ಣಿಗೆ ಕಾಣದಷ್ಟು ರಕ್ತ ಇದೆಯೇ ಅಂತ ನೋಡುತ್ತದೆ, ಅಷ್ಟೇ. ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಅದು ಮನೆಗೇ ಬರುತ್ತದೆ. ಇಲ್ಲಿ ನಮ್ಮ ಜನಕ್ಕೆ ಅಂಥ ವ್ಯವಸ್ಥೆ ಇಲ್ಲ, ರಕ್ತ ಕಂಡ ಮೇಲೆಯೇ ಓಡಿ ಬರುತ್ತಾರೆ.

ಯಾರೂ ಜೊತೆಗಿಲ್ಲದಿದ್ದರೆ ನಿಮಗೆ ಅಲ್ಲಿ ಇನ್ನೊಂದು ದಾರಿ ಇದೆ. ಮತ್ತಿನ ಇಂಜೆಕ್ಷನ್ ಬದಲು ಬಾಯಿಗಿಟ್ಟುಕೊಂಡ ಕೊಳವೆಯಿಂದ ನೀವೇ ಎಳೆದುಕೊಳ್ಳುವ ಗ್ಯಾಸು, ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್. ಅದರ ಗುಂಗು ಬೇಗ ಇಳಿಯುತ್ತದೆ, ಬೇರೇನೂ ಕೊಡದಿದ್ದರೆ ಸ್ವಲ್ಪ ಹೊತ್ತು ಕೂತು ಒಬ್ಬರೇ ಮನೆಗೆ ಹೋಗಲು ಬಿಡುತ್ತಾರೆ. ಫೋನ್ ಮಾಡಿ ಮಾತನಾಡುವ ಸ್ಪೆಷಲಿಸ್ಟ್ ನರ್ಸ್‌ಗೆ ಇದನ್ನು ಕೇಳಿ. ಎಚ್ಚರವಾಗಿದ್ದರೆ ತಿರುವುಗಳಲ್ಲಿ ಹೊಟ್ಟೆ ಹಿಡಿದ ಹಾಗಾಗುತ್ತದೆ. ಉಸಿರನ್ನು ಮೂಗಿನಿಂದ ಎಳೆದುಕೊಂಡು ಬಾಯಿಂದ ನಿಧಾನವಾಗಿ, ಬಿಸಿ ಕಾಫಿ ಆರಿಸುವ ಹಾಗೆ ಬಿಡಿ. ಹೊಟ್ಟೆ ಬಿಗಿಹಿಡಿದರೆ ನಳಿಗೆಗೂ ಕಷ್ಟ, ನಿಮಗೂ. ತಾಳಲಾರದಷ್ಟಾದರೆ ಕೈ ಎತ್ತಿ, ನಿಲ್ಲಿಸುತ್ತಾರೆ. ಗಾಳಿ ಹೋಗಬೇಕೆನಿಸಿದರೆ ಬಿಟ್ಟುಬಿಡಿ, ತಡೆಹಿಡಿಯಬೇಡಿ. ಆ ಕೋಣೆಯಲ್ಲಿ ಅದಕ್ಕೆ ಯಾರೂ ತಿರುಗಿಯೂ ನೋಡುವುದಿಲ್ಲ, ಆ ಗಾಳಿ ತುಂಬಿದವರು ನಾವೇ.

ಪರೀಕ್ಷೆ ಮುಗಿದು ಒಂಬತ್ತು ದಿನವಾಯಿತು. ಎರಡು ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ. ರಿಪೋರ್ಟ್ ಬಂದಿಲ್ಲ. ಪರೀಕ್ಷೆಗೆ ಹೆದರಿದ್ದಕ್ಕಿಂತ ಈಗ ಹೆಚ್ಚು ಹೆದರಿಕೆ.
— ಸಾಗರ

ಚೂರು ತೆಗೆದರು ಅಂದರೆ ಅನುಮಾನ ಬಂತು ಅಂತಲೇ ಅಲ್ಲ. ನೋಡಲು ಸಾದಾ ಕಾಣುವ ಕರುಳಿನಿಂದಲೂ ತೆಗೆಯುತ್ತೇವೆ, ಕಣ್ಣಿಗೆ ಕಾಣದ್ದು ಸೂಕ್ಷ್ಮದರ್ಶಕಕ್ಕೆ ಕಾಣಲಿ ಅಂತ. ತಡವಾಯಿತು ಅಂದರೆ ಕೆಟ್ಟದ್ದು ಅಂತಲೂ ಅಲ್ಲ. ಕೆಲವು ಸಲ ವಿಶೇಷ ಬಣ್ಣ ಹಾಕಿ ನೋಡಬೇಕಾಗುತ್ತದೆ, ಕೆಲವು ಸಲ ಚೂರುಗಳು ನಿಮ್ಮ ಊರಿನಿಂದ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿ ಬರಬೇಕಾಗುತ್ತದೆ. ಒಂಬತ್ತು ದಿನ ಆಯಿತಲ್ಲ, ನಾಳೆ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿಗೆ ಫೋನ್ ಮಾಡಿ ಬಯಾಪ್ಸಿ ನಂಬರ್ ಹೇಳಿ. ಹತ್ತಕ್ಕೆ ಮಾಡಬೇಡಿ, ಆಗ ಅವರು ಇನ್ನೂ ಟೀ ಕುಡಿಯುತ್ತಿರುತ್ತಾರೆ. ರಿಪೋರ್ಟು ಕೈಗೆ ಬಂದ ಮೇಲೆ ಒಂದೊಂದು ಪದವನ್ನೂ ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ, ಕವರು ಒಡೆಯದೆ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಒಡೆಯದೆ ಇರಲಾರಿರಿ ಅಂತ ಗೊತ್ತು. ಹಾಗಿದ್ದರೆ ಬಸ್ಸಿನಲ್ಲಿ ಒಬ್ಬರೇ ಕೂತು ಒಡೆಯಬೇಡಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡೆಯಿರಿ.